ಬಾಗಿಲು ಬಾಗಿಲಿಗೂ ನಿಲ್ಲುತ್ತಿದ್ದ ಕುದುರೆ

ಯುದ್ಧದ ಕಾಲದಲ್ಲಿ ನಾನು ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಕೆಲಸದಲ್ಲಿದ್ದೆ. ಮದುವೆಯಾದ ಮಾರನೆಯ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ನನ್ನನ್ನು, ನೆಂಟರ ಮಾತಿಗೆ ಕಿವಿಗೊಡದೆ ಕೋಲಾರಕ್ಕೆ ಕರೆದೊಯ್ದು ಈ ಕೆಲಸ ಕಲಿಯಲು ಸೇರಿಸಿದವನು ನನ್ನ ಸೋದರಮಾವ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ನನಗೆ ಕೆಲಸವಾದ ಮೇಲೆ ಜೊತೆಯಲ್ಲೇ ಬಂದು ಉಳಿದ. ಊರವರು ನನ್ನನ್ನು ನರ್ಸಮ್ಮ ಎನ್ನುತ್ತಿದ್ದರು; ಅವನು ನರ್ಸಮ್ಮನ ಮಾವ.

ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ದಿನಗಳು. ಓಡುತ್ತಿದ್ದವು ಎನ್ನುವುದೂ ಹೆಚ್ಚೇ. ಏರು ಬಂದರೆ ಇಳಿದು ತಳ್ಳಬೇಕಿತ್ತು. ಯಲ್ದೂರಿನಲ್ಲಿ ಯಾರಿಗೋ ನೋವು ಶುರುವಾಗಿದೆ ಎಂದು ಆಳು ಓಡಿ ಬಂದರೆ, ನಾನು ಎತ್ತಿನ ಗಾಡಿಯಲ್ಲಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಒಳ್ಳೆಯದೋ ಕೆಟ್ಟದ್ದೋ ಆಗಿಹೋಗಿರುತ್ತಿತ್ತು. ಒಂದು ಕುದುರೆ ಇದ್ದಿದ್ದರೆ ಎಂದು ಮಾವ ದಿನಾ ಹಲುಬುತ್ತಿದ್ದ.

ಹೀಗಿರುವಾಗ ಊರಾಚೆಯ ದೊಡ್ಡಿಯಲ್ಲಿ ಒಂದು ಕುದುರೆ ಹರಾಜಿಗೆ ಬಂತು. ಯಾರದೋ ಹುರುಳಿ ಹೊಲದಲ್ಲಿ ಮೇಯುತ್ತಿತ್ತೆಂದು ಹಿಡಿದು ತಂದು ಕೂಡಿದ್ದರು. ನಮ್ಮದು ಎಂದು ಯಾರೂ ಬಂದಿರಲಿಲ್ಲ. ಕಂದು ಬಣ್ಣದ ಗಂಡು ಕುದುರೆ. ಎಡಗಿವಿಯ ತುದಿ ಹರಿದಿತ್ತು, ಪಕ್ಕೆ ಎಲುಬು ಎದ್ದಿದ್ದವು. ಕೂಗಿದವನು ಒಬ್ಬನೇ, ಚರ್ಮದ ವ್ಯಾಪಾರಿ. ಅವನು ಅದರ ಹಲ್ಲು ನೋಡಲಿಲ್ಲ, ಕಾಲು ನೋಡಲಿಲ್ಲ. ಬೆನ್ನಿನ ಮೇಲೆ ಅಂಗೈ ಹಾಕಿ ಸವರಿ, ಎಷ್ಟಗಲ ಇದೆ ಎಂದಷ್ಟೇ ನೋಡಿದ. ಅದನ್ನು ಕಂಡು ಮಾವನಿಗೆ ತಡೆಯಲಾಗಲಿಲ್ಲ. ಅವನಿಗಿಂತ ಜೋರಾಗಿ ಕೂಗಿ, ಕುದುರೆಯನ್ನು ಬಿಡಿಸಿಕೊಂಡು ಮನೆಗೆ ಹೊಡೆದುಕೊಂಡು ಬಂದ.

"ಇನ್ನೂ ದುಡಿಯೋ ಪ್ರಾಣಿ ಕಣೇ," ಎಂದ. "ಹೊಟ್ಟೆಗಿಲ್ಲ, ಅಷ್ಟೇ."

ನೆನೆಸಿದ ಹುರುಳಿ ತಿಂದು ಅದು ಬೇಗನೆ ಚೇತರಿಸಿಕೊಂಡಿತು. ಮಾವ ಎಲ್ಲಿಂದಲೋ ತಂದ ಹಳೆಯ ಕುದುರೆ ಗಾಡಿಗೆ ಹೂಡಿದ ಮೊದಲ ದಿನವೇ ಪಳಗಿದ ಕುದುರೆ ಎಂದು ಗೊತ್ತಾಯಿತು. ಬಯಲು ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು. ಆದರೆ ಊರೊಳಗಿನ ಬೀದಿಗೆ ಕಾಲಿಟ್ಟಿತೋ, ಓಟ ನಿಲ್ಲಿಸಿ ನಡೆಯಲು ತೊಡಗುತ್ತಿತ್ತು. ಮೊದಲ ಮನೆಯ ಬಾಗಿಲಿಗೆ ಬಂದು ನಿಲ್ಲುವುದು, ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡು ಕಾಯುವುದು, ಯಾರೂ ಬರದಿದ್ದರೆ ಮುಂದಿನ ಮನೆಗೆ ಹೋಗುವುದು. ಮಾವ ಬಾಯಿ ಚಪ್ಪರಿಸಿದರೂ ಇಲ್ಲ, ಚಾಟಿ ಆಡಿಸಿದರೂ ಇಲ್ಲ. ಇನ್ನೊಂದು ಚಾಳಿಯೂ ಇತ್ತು. ಯಲ್ದೂರಿನ ದಾರಿಯ ಮಾವಿನ ತೋಪುಗಳಲ್ಲಿ ಕಾವಲಿನವರ ಸೋಗೆ ಗುಡಿಸಲು ಕಂಡರೆ ಸಾಕು, ರಸ್ತೆ ಬಿಟ್ಟು ಅತ್ತ ತಿರುಗುತ್ತಿತ್ತು. ಮತ್ತೆ ರಸ್ತೆಗೆ ತರಲು ಮಾವ ಇಳಿದು ಮೂತಿ ಹಿಡಿದು ಎಳೆಯಬೇಕಾಗಿತ್ತು.

"ಯಾವ್ದೋ ಭಿಕ್ಷೆಯವರ ಕುದುರೆ ಇರ್ಬೇಕು," ಎಂದು ಮಾವ ನಗುತ್ತಿದ್ದ.

ಬೀದಿಯ ಹೆಂಗಸರು ಬೇರೆಯೇ ಅರ್ಥ ಮಾಡಿಕೊಂಡರು. ಹೆರಿಗೆ ಮಾಡಿಸುವವಳ ಕುದುರೆ ತಾನಾಗಿ ಬಂದು ಬಾಗಿಲಲ್ಲಿ ನಿಂತರೆ ಆ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಾರೆ ಎಂದು ಯಾರು ಮೊದಲು ಹೇಳಿದರೋ ತಿಳಿಯದು. ಮೊರದಲ್ಲಿ ತವುಡು, ಅದರ ಮೇಲೆ ಬೆಲ್ಲದ ಚೂರು ಇಟ್ಟುಕೊಂಡು ಕಾಯತೊಡಗಿದರು. ನಮ್ಮ ಬೀದಿಯ ಕೊನೆಯ ಮನೆಯ ಸೊಸೆಗೆ ಬಹಳ ವರ್ಷದಿಂದ ಮಕ್ಕಳಿರಲಿಲ್ಲ. ಅವಳು ಕುದುರೆಯ ಹಣೆಗೆ ಅರಿಸಿನ ಕುಂಕುಮ ಹಚ್ಚಿ, ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಯುಗಾದಿ ಕಳೆದ ಮೇಲೆ ಅವಳು ನನ್ನ ಹತ್ತಿರ ಬಂದು, "ತಿಂಗಳು ನಿಂತೈತೆ ನರ್ಸಮ್ಮಾ," ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಈ ಕುದುರೆ ಯಾರದು, ಈ ನಡೆಯನ್ನು ಎಲ್ಲಿ ಕಲಿಯಿತು ಎಂದು ತಿಳಿಯುವ ಆಸೆ ನನಗೆ ಹುಟ್ಟಿದ್ದು ಆಗಲೇ. ಇಷ್ಟು ಸಾಧುವಾದ ಪ್ರಾಣಿಯನ್ನು ಸಾಕಿದವನು ಎಲ್ಲೋ ಹುಡುಕುತ್ತಿರಬೇಕು ಎನಿಸುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಮುಳಬಾಗಿಲಿನ ನೆಂಟರ ಮನೆಯಲ್ಲಿ ಹೆರಿಗೆಗೆ ನನ್ನನ್ನು ಕರೆಸಿದರು. ಮಾವ ಗಾಡಿ ಹೂಡಿದ. ಮುಳಬಾಗಿಲು ಹತ್ತಿರವಾಗುತ್ತಿದ್ದಂತೆ ಕುದುರೆಯ ಕಿವಿ ನೆಟ್ಟಗಾದವು. ಹೇಳಿಕೊಡದೆಯೇ ಅದು ಒಂದು ಓಣಿಗೆ ತಿರುಗಿ ಮೊದಲ ಮನೆಯ ಮುಂದೆ ನಿಂತಿತು. ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಮುದುಕಿ ತಲೆ ಎತ್ತಿ ನೋಡಿದಳು. ಮೊರ ಅಲ್ಲೇ ಬಿತ್ತು. ಒಳಗೆ ಓಡಿ ಅಗುಳಿ ಹಾಕಿಕೊಂಡಳು. ಮುಂದಿನ ಮನೆಯವರೂ ಹಾಗೆಯೇ ಮಾಡಿದರು. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ರಟ್ಟೆ ಹಿಡಿದು ಎಳೆದುಕೊಂಡರು. ಗಾಡಿಯಲ್ಲಿ ಕೂತ ನಮಗೆ ಏನೆಂದು ತಿಳಿಯದು.

ಮುದುಕಿಯ ಮನೆಯ ಕಿಟಕಿ ಬೆರಳಷ್ಟು ತೆರೆಯಿತು. "ವದ್ದು ತಲ್ಲೀ, ವದ್ದು! ಬೇಡ ತಾಯೀ, ಅದನ್ನ ಇಲ್ಲಿಂದ ಹೊಡ್ಕೊಂಡು ಹೋಗಿ."

"ಯಾಕಮ್ಮ? ಈ ಕುದುರೆ ನಿಮಗೆ ಗೊತ್ತಾ?" ಎಂದೆ.

"ಗೊತ್ತಾ ಅಂತೀಯಲ್ಲ. ಹೋದ ವರ್ಷ ಇಲಿ ಬಿದ್ದಾಗ ಇದೇ ಬಂದು ಬಾಗಿಲಿಗೆ ನಿಲ್ತಿದ್ದಿದ್ದು. ಜ್ವರ ಬಂದೋರ್ನ ಗಾಡೀಲಿ ಮಲಗಿಸ್ಕೊಂಡು ಊರಾಚೆ ಗುಡಿಸ್ಲಿಗೆ ಹೋಗ್ತಿತ್ತು. ನನ್ನ ಮಗನ್ನ ಒಯ್ತು. ಮಾರನೇ ದಿನ ಮತ್ತೆ ಬಂದು ನಿಂತ್ಕೊಂತು, ನನ್ನ ಮೊಮ್ಮಗನ್ನ ಒಯ್ತು. ಹೋದೋರು ಒಬ್ರೂ ತಿರುಗಿ ಬರ್ಲಿಲ್ಲ ಕಣಮ್ಮಾ."

ಪ್ಲೇಗು ಬಂದು ಮುಳಬಾಗಿಲು ಅರ್ಧ ಖಾಲಿಯಾಗಿದ್ದ ಸುದ್ದಿ ನಾನೂ ಕೇಳಿದ್ದೆ. ಗಾಡಿಯ ವಿಷಯ ಕೇಳಿರಲಿಲ್ಲ. ಗಾಡಿಯವನು ಎಲ್ಲಿ ಎಂದು ಕೇಳಿದೆ. ಜಟಕಾ ಹೊಡೆಯುತ್ತಿದ್ದವನು, ಮಾಲೂರಿನ ಕಡೆಯವನು, ಅಲ್ಲಿನ ಹೆಂಚಿನ ಗೂಡಿಗೆ ಸೇರಿಕೊಂಡನಂತೆ ಎಂದು ಹೇಳಿ ಮುದುಕಿ ಕಿಟಕಿ ಮುಚ್ಚಿದಳು.

ನೆಂಟರ ಮನೆಯ ಹೆರಿಗೆ ಸುಸೂತ್ರವಾಯಿತು. ಕುದುರೆಯನ್ನು ಮಾತ್ರ ಅವರು ಊರಾಚೆ ಕಟ್ಟಿಸಿದರು. ಹೊರಟ ದಿನ ಮಾವ ಶ್ರೀನಿವಾಸಪುರದ ದಾರಿ ಹಿಡಿಯಲಿಲ್ಲ.

"ಅವನ ಸೊತ್ತು ಅವನಿಗೆ ಸೇರ್ಲಿ. ಈ ಮೂಕ ಪ್ರಾಣಿಗೆ ಅವನ ಬಿಟ್ರೆ ಇನ್ಯಾರಿದಾರೆ?" ಎಂದ. ನನಗೂ ಹಾಗೆಯೇ ಕಂಡಿತು.

ಕೋಲಾರದ ರಸ್ತೆಯಲ್ಲಿ ದೇವರಾಯಸಮುದ್ರದ ಕೆರೆ ಇನ್ನೂ ಮುಂದಿರುವಾಗಲೇ ಕುದುರೆ ಒಂದು ಬೀಳು ಹೊಲಕ್ಕೆ ತಿರುಗಿತು. ಈ ಸಲ ಮಾವ ತಡೆಯಲಿಲ್ಲ. ಹೊಲದ ನಡುವೆ ಗುಡಿಸಲು ಕಟ್ಟಿದ್ದ ಗಳುಗಳು ನಿಂತಿದ್ದವು, ಸೋಗೆ ಸುಟ್ಟುಹೋಗಿತ್ತು. ಒಂದು ಮಡಕೆ, ಒಂದು ಹರಿದ ಚಾಪೆ, ಮಗುವಿನ ಕೈಬಳೆಯ ಚೂರು. ಕುದುರೆ ಗಾಡಿಯ ಹಿಂಭಾಗ ಗುಡಿಸಲಿನ ಕಡೆಗೆ ಬರುವಂತೆ ತಾನೇ ತಿರುಗಿ, ಇಳಿಸುವವರಿಗಾಗಿ ಕಾದು ನಿಂತಿತು. ಮಾವ ಹಿಂದೆ ಹೋಗಿ ಗಾಡಿಯ ಹಲಗೆಯನ್ನು ಬಿಚ್ಚಿ ಮತ್ತೆ ಹಾಕಿದ. ಆ ಸದ್ದು ಕೇಳಿದ ಮೇಲೆಯೇ ಅದು ಹೊರಟಿತು.

ಮಾಲೂರಿನ ಹೆಂಚಿನ ಗೂಡಿನ ಬಳಿ ವಿಚಾರಿಸಿದಾಗ, ಮಣ್ಣು ತುಳಿಯುತ್ತಿದ್ದ ಒಬ್ಬನನ್ನು ತೋರಿಸಿದರು. ಮೊಳಕಾಲವರೆಗೆ ಕೆಸರು, ತಲೆ ಪೂರಾ ನರೆತಿತ್ತು. ಪಕ್ಕದಿಂದ ಕಂಡ ಮುಖಕ್ಕೆ ಅಷ್ಟು ವಯಸ್ಸಾಗಿರಲಿಲ್ಲ. ನಾವು ಅವನನ್ನು ಕರೆಯುವ ಮೊದಲೇ ಕುದುರೆ ಕೆನೆಯಿತು. ನಮ್ಮ ಮನೆಗೆ ಬಂದಾಗಿನಿಂದ ಅದರ ದನಿಯನ್ನೇ ನಾವು ಕೇಳಿರಲಿಲ್ಲ. ಅವನು ತಿರುಗಲಿಲ್ಲ. ತುಳಿಯುತ್ತಿದ್ದ ಕಾಲು ಮಾತ್ರ ನಿಂತವು.

"ಯಾಕಮ್ಮಾ ತಂದ್ರಿ ಇದನ್ನ?" ಎಂದ, ಬೆನ್ನು ನಮ್ಮ ಕಡೆಗೇ ಇಟ್ಟುಕೊಂಡು.

ಹರಾಜಿನ ವಿಷಯ ಹೇಳಿದೆ. ನಿಮ್ಮದೇ ಅಂತ ತಿಳಿದು ಬಂದೆವು ಎಂದೆ.

"ಜ್ವರದೋರ್ನ ಸಾಗಿಸಕ್ಕೆ ಯಾರೂ ಬರಲ್ಲ ಅಂದಾಗ ಊರಿನೋರು ನನ್ನ ಕೇಳಿದ್ರು. ಒಪ್ಪಿಕೊಂಡೆ. ಅದಕ್ಕೂ ಮುಂಚೆ ಮದುವೆ ದಿಬ್ಬಣ ಹೊಡ್ಕೊಂಡು ಹೋಗ್ತಿದ್ದೋನು ನಾನು. ರೋಗ ಬಂದ್ಮೇಲೆ ಪ್ರತಿ ಮನೆ ಮುಂದೆ ನಿಲ್ಲು ಅಂತ ಇದಕ್ಕೆ ಕಲಿಸ್ದೆ. ಕೊನೆಗೆ ನಮ್ಮನೆ ಮುಂದೆ ನಿಲ್ಲಿಸ್ದೆ. ಹೆಂಡ್ತೀನ ನಾನೇ ಮಲಗಿಸ್ದೆ ಗಾಡೀಲಿ. ಆಮೇಲೆ ಮಗಳ್ನ. ಅವಳು, ಅಪ್ಪಾ, ಮೆಲ್ಲಗೆ ಹೊಡಿ ಅಂದ್ಲು." ಅವನು ತಲೆ ಬಗ್ಗಿಸಿದ. "ಇದರದ್ದು ತಪ್ಪಿಲ್ಲ. ಆದ್ರೆ ನೋಡಕ್ಕಾಗಲ್ಲ ನನ್ನ ಕೈಲಿ. ಹೊಡೆದು ಓಡಿಸಕ್ಕೂ ಆಗ್ಲಿಲ್ಲ. ಹಗ್ಗ ಬಿಚ್ಚಿ ಶ್ರೀನಿವಾಸಪುರದ ದಾರೀಲಿ ಬಿಟ್ಟುಬಂದೆ."

ಮತ್ತೊಂದು ಹೆಜ್ಜೆ ಮಣ್ಣು ತುಳಿದು ಕೇಳಿದ: "ಇನ್ನೂ ನಿಲ್ಲತ್ತಾ?"

"ನಿಲ್ಲುತ್ತೆ," ಎಂದ ಮಾವ.

"ಮರೀತದೆ ಅಂದ್ಕೊಂಡಿದ್ದೆ," ಎಂದು ಅವನು ಕೆಸರುಗೈಯಿಂದಲೇ ಮುಖ ಮುಚ್ಚಿಕೊಂಡ. ಕುದುರೆ ಮತ್ತೊಮ್ಮೆ ಕೆನೆಯಿತು. ಗೂಡಿನ ಕೆಲಸದವರೆಲ್ಲ ನೋಡುತ್ತಿದ್ದರು. ಅವನು ಕೊನೆಯವರೆಗೂ ತಿರುಗಿ ನೋಡಲಿಲ್ಲ.

ನಾವು ಶ್ರೀನಿವಾಸಪುರಕ್ಕೆ ಮರಳುವ ಮೊದಲೇ ಮುಳಬಾಗಿಲಿನ ಸುದ್ದಿ ಅಲ್ಲಿಗೆ ಬಂದು ಮುಟ್ಟಿತ್ತು. ಬೀದಿಗೆ ಬರುತ್ತಿದ್ದಂತೆ ಬಾಗಿಲುಗಳು ಮುಚ್ಚಿದವು. ಯಾರೋ ನಮ್ಮ ಹಿಂದೆಯೇ ಗಂಜಲ ಚಿಮುಕಿಸುತ್ತ ಬಂದರು. ಮಾವ ಕುದುರೆಯನ್ನು ಹಿತ್ತಿಲಲ್ಲಿ ಕಟ್ಟಿ, ನನ್ನ ಕೆಲಸಕ್ಕೆ ಮತ್ತೆ ಎತ್ತಿನ ಗಾಡಿ ಗೊತ್ತು ಮಾಡಿದ. ಆದರೆ ಆಮೇಲೆ ನನ್ನನ್ನು ಕರೆಯುವವರೇ ಕಡಿಮೆಯಾದರು. ಸಾವನ್ನು ಮನೆಮನೆಗೆ ಹೊತ್ತ ಕುದುರೆಯ ನೆರಳು ನನ್ನ ಕೈಗೂ ಹತ್ತಿದೆ ಎಂದರಂತೆ.

ಕೊನೆಯ ಮನೆಯ ಸೊಸೆಗೆ ದಿನ ತುಂಬಿತು. ನಾನಾಗಿ ಹೋಗಿ ಬಾಗಿಲು ತಟ್ಟಿದೆ. ಅತ್ತೆ ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದಳು.

"ನೀನು ಬರಬೇಡಮ್ಮಾ. ಕೈ ಮುಗೀತೀನಿ."

"ಕುದುರೆ ತಂದಿಲ್ಲ. ನಡ್ಕೊಂಡು ಬಂದಿದೀನಿ. ಅವಳನ್ನ ಒಂದ್ಸಲ ನೋಡ್ತೀನಿ, ಅಷ್ಟೇ," ಎಂದೆ.

ಒಳಗಿನಿಂದ ಅವಳು "ನರ್ಸಮ್ಮಾ" ಎಂದು ಕೂಗಿದ್ದು ನನಗೆ ಕೇಳಿಸಿತು. ಬಾಗಿಲು ಹಾಕಿಬಿಟ್ಟರು. ಮಗು ಅಡ್ಡಲಾಗಿತ್ತೆಂದು ಆಮೇಲೆ ತಿಳಿಯಿತು. ಇಬ್ಬರೂ ಉಳಿಯಲಿಲ್ಲ. ನಾನಿದ್ದಿದ್ದರೆ ಉಳಿಯುತ್ತಿದ್ದರು ಎಂದು ಹೇಳಲಾರೆ. ಕೈ ಹಾಕಿ ನೋಡುತ್ತಿದ್ದೆ, ಅಷ್ಟೇ.

ಕುದುರೆ ಹಿತ್ತಿಲಿನಲ್ಲಿ ಮೇವು ಬಿಟ್ಟಿತು. ಮಾವ ಬಾಯಿಗೆ ಗಂಜಿ ಹಿಡಿದರೆ ಮುಖ ತಿರುಗಿಸುತ್ತಿತ್ತು. ಹಿಂಗಾರು ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ನೋಡಿದರೆ ಗೋಡೆಗೆ ಒರಗಿಕೊಂಡೇ ಸತ್ತಿತ್ತು. ಹೊರಲು ಯಾರನ್ನು ಕರೆದರೂ ಬರಲಿಲ್ಲ. ಚರ್ಮದ ವ್ಯಾಪಾರಿಗೆ ಹೇಳಿ ಕಳಿಸಿ ಎಂದು ಯಾರೋ ಸಲಹೆ ಕೊಟ್ಟರು, ಅವನೂ ಬೇಡವೆಂದನಂತೆ. ಮಾವ ಹಿತ್ತಿಲಲ್ಲೇ ಹಾರೆ ಹಿಡಿದು ಅಗೆಯತೊಡಗಿದ. ನೆಲ ನೆನೆದಿತ್ತು, ಅಗೆದಂತೆಲ್ಲ ನೀರು ತುಂಬುತ್ತಿತ್ತು. ನಾನು ಸೀರೆ ಎತ್ತಿ ಕಟ್ಟಿಕೊಂಡು ಬಕೆಟ್ಟಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದೆ. ಚೆಲ್ಲಿದಷ್ಟೂ ಬರುತ್ತಿತ್ತು. ಸಂಜೆಯ ಹೊತ್ತಿಗೆ ಮಾವ ಗುಂಡಿಯ ಅಂಚಿನಲ್ಲಿ ಕೂತು, "ಇನ್ನು ನನ್ನ ಕೈಲಾಗಲ್ಲ ಕಣೇ," ಎಂದ. ಅಷ್ಟು ಆಳಕ್ಕೇ ಅದನ್ನು ಇಳಿಸಿ ಮಣ್ಣು ಮುಚ್ಚಿದೆವು.