ನಲವತ್ತು ಎಂದು ಬರೆದ ವರದಿ

ಹೃದಯ ಅಳೆಯುವ ಎಕೋ ಯಂತ್ರದ ಪರದೆಯ ಮೇಲೆ ಇಪ್ಪತ್ತೇಳು ಎಂದು ಮೂಡಿದಾಗ, ಅದನ್ನು ನಡೆಸುತ್ತಿದ್ದ ಅವಳಿಗೆ ನಂಬಲಾಗಲಿಲ್ಲ. ಹೃದಯಾಘಾತವಾಗಿ ಆರು ವಾರ ಕಳೆದ ಮೇಲೆ ತಪಾಸಣೆಗೆ ಬಂದು, ಎಡಮಗ್ಗುಲಾಗಿ ಮಲಗಿದ್ದವರು ಬೇರೆ ಯಾರೂ ಅಲ್ಲ, ಎಕೋ ಮೇಷ್ಟ್ರು.

ಆ ಆಸ್ಪತ್ರೆಗೆ ಎಕೋ ಯಂತ್ರ ಬಂದ ದಿನದಿಂದ ನಿವೃತ್ತಿಯವರೆಗೂ ಅದನ್ನು ಬೇರೆಯವರು ಮುಟ್ಟಿದರೆ ಮುಖ ಸಿಂಡರಿಸುತ್ತಿದ್ದ ಮನುಷ್ಯ ಅವರು. ಡಾಕ್ಟರರನ್ನೂ ಬಿಟ್ಟವರಲ್ಲ. ಯಾರಾದರೂ ಅವಸರ ಮಾಡಿದರೆ, "ನೀವೇ ಮಾಡ್ಕೊಳ್ಳಿ ಸ್ವಾಮಿ" ಎಂದು ಕುರ್ಚಿ ಬಿಟ್ಟು ಎದ್ದೇಬಿಡುತ್ತಿದ್ದರು. ಆದರೆ ರೋಗಿಯ ಎದೆಗೆ ತಣ್ಣನೆಯ ಜೆಲ್ ಹಚ್ಚಿದವರಲ್ಲ; ಟ್ಯೂಬನ್ನು ಬಿಸಿನೀರಿನ ಲೋಟದಲ್ಲಿ ನಿಲ್ಲಿಸಿಟ್ಟು ಬೆಚ್ಚಗಾಗಿಸುತ್ತಿದ್ದರು. ಎದೆಯ ಮೇಲೆ ಆಡಿಸುವ ಪ್ರೋಬ್ ಹಿಡಿಯಲು ಬಾರದೆ ಕಣ್ಣೀರು ಹಾಕುತ್ತಿದ್ದ ಇವಳನ್ನು ಬೈದು ಬೈದು ತಿದ್ದಿದವರೂ ಅವರೇ. ಹನ್ನೊಂದು ವರ್ಷದಿಂದ ಇವಳು ಉಣ್ಣುತ್ತಿರುವುದು ಅವರು ಕಲಿಸಿದ ವಿದ್ಯೆಯ ಅನ್ನ.

ಹೃದಯದ ಎಡಗೋಣೆ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಎಂಬುದೇ ಪರದೆಯ ಮೇಲಿನ ಆ ಅಂಕಿ. ಐವತ್ತೈದು ದಾಟಿದರೆ ನೆಮ್ಮದಿ. ಮೂವತ್ತೈದರ ಕೆಳಗಿಳಿದರೆ, ಓಡಾಡಿಕೊಂಡಿದ್ದವರ ಹೃದಯವೂ ಯಾವಾಗ ಬೇಕಾದರೂ ತಾಳ ತಪ್ಪಿ ನಿಂತುಬಿಡಬಹುದು.

ಅವಳು ಮತ್ತೆ ಅಳೆದಳು. ಇಪ್ಪತ್ತಾರು. ಮತ್ತೊಮ್ಮೆ ಅಳೆದಳು. ಇಪ್ಪತ್ತೇಳೇ. ಇವರಿಗೆ ಹೀಗಾಗಲು ಹೇಗೆ ಸಾಧ್ಯ?

"ಎಷ್ಟಮ್ಮಾ?" ಎಂದರು ಮೇಷ್ಟ್ರು, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ನಲವತ್ತು, ಮೇಷ್ಟ್ರೇ. ಪರವಾಗಿಲ್ಲ."

ಬಾಯಿ ಹೇಳಿದ್ದನ್ನೇ ಬೆರಳುಗಳೂ ಒತ್ತಿದವು. ವರದಿ ಡಾಕ್ಟರ ಕಂಪ್ಯೂಟರಿಗೆ ಹೋಯಿತು.

ಮೇಷ್ಟ್ರು ಮೆಲ್ಲಗೆ ಎದ್ದು ಕುಳಿತರು. "ಸುಳ್ಳು ಹೇಳೋದನ್ನ ನಾನಂತೂ ಕಲಿಸ್ಲಿಲ್ಲ. ಬಟನ್ ಸದ್ದು ಎಣಿಸ್ತಾ ಇದ್ದೆ, ನೀನು ಮೂರು ಸಲ ಅಳೆದೆ. ಮೂವತ್ತೈದರ ಕೆಳಗೆ ಬಂದ್ರೆ ಮಾತ್ರ ಮೂರು ಸಲ ಅಳೆ ಅಂದಿದ್ದು ಯಾರು, ನಾನೇ ತಾನೆ?"

ಅವಳು ಪ್ರೋಬನ್ನು ಕೆಳಗಿಟ್ಟಳು. "ನೀವು ಹೆದರ್ಕೋಬಾರ್ದು ಅಂತ..."

"ನಲವತ್ತು ಅಂದ್ರೆ ಡಾಕ್ಟ್ರು ಬೆನ್ನು ತಟ್ಟಿ ಮನೆಗೆ ಕಳಿಸ್ತಾರೆ. ನಿಜ ಗೊತ್ತಾದ್ರೆ ಎದೆಯೊಳಗೆ ಒಂದು ಯಂತ್ರ ಇಡೋ ಯೋಚನೆ ಮಾಡ್ತಾರೆ. ಹೃದಯ ತಾಳ ತಪ್ಪಿದ್ರೆ ಅದು ಶಾಕ್ ಕೊಟ್ಟು ಎಬ್ಬಿಸುತ್ತೆ. ನಿನ್ನ ಕನಿಕರ ಎಬ್ಬಿಸುತ್ತಾ?"

ಇದೆಲ್ಲ ಅವಳಿಗೆ ಗೊತ್ತಿಲ್ಲದ್ದೇನಲ್ಲ. ದಿನಕ್ಕೆ ಇಪ್ಪತ್ತು ಜನರ ಹೃದಯ ನೋಡುವವಳು. ಪ್ರೀತಿಯ ಹೆಸರಿನಲ್ಲಿ ತನ್ನ ಕೈ ಏನು ಮಾಡಿತೆಂಬುದು ಅವಳಿಗೆ ಈಗ ಕಂಡಿತು. ಕೈಗೆ ಮೆತ್ತಿದ್ದ ಜೆಲ್ಲನ್ನೂ ಒರೆಸಿಕೊಳ್ಳದೆ, ಸಾಲಿನಲ್ಲಿ ಕುಳಿತವರನ್ನೆಲ್ಲ ದಾಟಿ ಡಾಕ್ಟರ ಕೋಣೆಗೆ ಓಡಿದಳು.

ಡಾಕ್ಟರು, "ಆರು ತಿಂಗಳು ಬಿಟ್ಟು ಬರಲಿ" ಎಂದು ಬರೆದು ಮುಗಿಸಿದ್ದರು. ಸಹಿ ಹಾಕುತ್ತಿದ್ದ ಅವರ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

"ಹಾಕ್ಬೇಡಿ ಸರ್. ಅದು ಇಪ್ಪತ್ತೇಳು. ಗೊತ್ತಿದ್ದೇ ಸುಳ್ಳು ಬರೆದೆ."