ಹದಿನೇಳನೇ ಬರ್ತಿಗೆ ಎರಡು ಸಲ

ಬೆಳಗಿನ ಐದೂಕಾಲು. ಕಿಟಕಿಯಾಚೆ ಮಂಜು; ಮಂಜಿನಾಚೆ ಏನಿದೆಯೋ ತಿಳಿಯದು. ಬೋಗಿಯ ಓಣಿಯಲ್ಲಿ ಸದ್ದಿಲ್ಲದೆ ಬಂದ ಆಕೆ, ಒಂಬತ್ತನೇ ಬರ್ತಿನಲ್ಲಿ ಮಲಗಿರುವವರ ಕಾಲಿನ ಹೆಬ್ಬೆರಳನ್ನು ಹೊದಿಕೆಯ ಮೇಲಿಂದಲೇ ಹಿಸುಕುತ್ತಾರೆ.

"ಅಣ್ಣಾ, ಎಲ್ಲಿ ಇಳೀಬೇಕು?"

"ಹ್ಞೂಂ."

"ಹ್ಞೂಂ ಅನ್ನೋ ಊರಲ್ಲಿ ಈ ರೈಲು ನಿಲ್ಲಲ್ಲ. ಊರ ಹೆಸರು ಹೇಳಿ."

ಆತ ಕಣ್ಣುಬಿಟ್ಟು ಹೆಸರು ಹೇಳಿದ ಮೇಲೆಯೇ ಆಕೆ ಬಗ್ಗಿ, ಒಳಮುಖವಾಗಿದ್ದ ಆತನ ಬೂಟುಗಳನ್ನು ಓಣಿಯ ಕಡೆಗೆ ತಿರುಗಿಸಿಡುತ್ತಾರೆ. ಒಳಮುಖವಿದ್ದರೆ ಮಲಗಿದ್ದಾರೆ, ಹೊರಮುಖವಿದ್ದರೆ ಎದ್ದಿದ್ದಾರೆ. ಪಾಳಿ ಬದಲಾದಾಗ ಮುಂದಿನವರಿಗೆ ಒಂದೇ ನೋಟಕ್ಕೆ ತಿಳಿಯಲೆಂದು ಆಕೆಯೇ ಕಂಡುಕೊಂಡ ಉಪಾಯವಿದು.

ಪತ್ರಿಕೆಯಲ್ಲಿ ಹೆಸರು ಬೇಡ, 'ಎಬ್ಬಿಸೋ ಅಕ್ಕ' ಅಂತಲೇ ಬರೆಯಿರಿ ಎಂದಿದ್ದಾರೆ. ವಯಸ್ಸು ಐವತ್ತೆರಡು. ಗಂಡ ತೀರಿಕೊಂಡ ವರ್ಷ ನಾದಿನಿಯೊಂದಿಗೆ ಈ ಪರದೇಶಕ್ಕೆ ಬಂದವರು. ಇಬ್ಬರಿಗೂ ಒಂದೇ ಬೋಗಿಯಲ್ಲಿ ಪರಿಚಾರಕಿಯ ಕೆಲಸ. ನಲವತ್ತೊಂದು ಗಂಟೆಯ ಪ್ರಯಾಣ, ಮೂವತ್ತಾರು ಬರ್ತು, ಹತ್ತೊಂಬತ್ತು ನಿಲ್ದಾಣ. ಹನ್ನೊಂದು ಕಡೆ ರೈಲು ನಿಲ್ಲುವುದು ಎರಡೇ ನಿಮಿಷ.

"ಭಾಷೆ ಬರ್ತಿರಲಿಲ್ಲ. ಮೊದಲು ಕಲ್ತಿದ್ದು ಹತ್ತೊಂಬತ್ತು ಊರ ಹೆಸರು, ಆಮೇಲೆ 'ಏಳಿ' ಅನ್ನೋದು. ಎರಡು ವರ್ಷ ಅಷ್ಟರಲ್ಲೇ ಸಂಸಾರ ಸಾಗ್ತು."

"ಅತ್ತಿಗೆ ಮನೇಲೂ ಹೆಬ್ಬೆರಳು ಹಿಸುಕೇ ಎಬ್ಬಿಸೋದು," ಎಂದು ನಾದಿನಿ ನಗುತ್ತಾರೆ. "ಎಲ್ಲಿ ಇಳೀಬೇಕು ಅಂತಾರೆ. ಅಡುಗೆಮನೇಲಿ ಅಂತೀನಿ."

ಹದಿನೇಳನೇ ಬರ್ತಿನ ಮಾತು ಬಂದಾಗ ಇಬ್ಬರ ನಗುವೂ ನಿಲ್ಲುತ್ತದೆ. ಬರೆಯಲೇ ಎಂದು ಎರಡು ಸಲ ಕೇಳಿದ್ದೇನೆ. ಎರಡು ಸಲವೂ ಹ್ಞೂಂ ಎಂದಿದ್ದಾರೆ.

ಮೂರು ವರ್ಷದ ಹಿಂದಿನ ಬೆಳಗು. "ಜ್ವರ ಇತ್ತು ನಂಗೆ. ಆ ಮನುಷ್ಯ ನಿದ್ದೆಗಣ್ಣಲ್ಲೇ ಹ್ಞೂಂ ಅಂದ್ರು. ಸಾಕು ಅಂತ ಬೂಟು ತಿರುಗಿಸಿಟ್ಟು ಹೋಗಿ ಮಲಗಿಬಿಟ್ಟೆ." ಪಾಳಿಗೆ ಬಂದ ನಾದಿನಿ ಬೂಟು ನೋಡಿ, ಎದ್ದಿದ್ದಾರೆ ಎಂದುಕೊಂಡರು. ಆತನ ಊರು ದಾಟಿಹೋಯಿತು. ಮುಂದೆ ಸಿಗ್ನಲ್‌ಗಾಗಿ ಬಟ್ಟಬಯಲಿನಲ್ಲಿ ರೈಲು ನಿಂತಿತು. ಹೊರಡುವ ಹೊತ್ತಿಗೆ ಬಾಗಿಲು ತೆರೆದಿತ್ತು, ಹಾಸಿಗೆ ಇನ್ನೂ ಬೆಚ್ಚಗಿತ್ತು, ಬೂಟುಗಳು ಅಲ್ಲೇ ಇದ್ದವು. ಎರಡು ದಿನ ಹುಡುಕಿದರು. ಆತ ಸತ್ತರೋ ಬದುಕಿದರೋ ಇಂದಿಗೂ ತಿಳಿದಿಲ್ಲ. ಆಕೆ ಏನನ್ನೂ ಮುಚ್ಚಿಡಲಿಲ್ಲ. ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು. "ಮೇಲಿನವರು ಬಿಟ್ರು, ನನ್ನ ಮನಸ್ಸು ಬಿಡಲಿಲ್ಲ."

ಆಮೇಲೆ ಶುರುವಾಯಿತು. ಹದಿನೇಳರಲ್ಲಿ ಯಾರೇ ಮಲಗಿರಲಿ, ಆ ಊರು ಹತ್ತಿರವಾಗುವಾಗ ಅವರ ಬೂಟು ತಾನಾಗಿ ಹೊರಮುಖವಾಗಿರುತ್ತದೆ. ಮೊದಲು ಒಬ್ಬರನ್ನೊಬ್ಬರು ಶಂಕಿಸಿ, ವಾರಗಟ್ಟಲೆ ಮಾತು ಬಿಟ್ಟಿದ್ದರು. ಓಣಿಯ ಎರಡು ತುದಿಯಲ್ಲಿ ಇಬ್ಬರೂ ಕಾದು ನಿಂತ ಬೆಳಗೂ ಬೂಟುಗಳು ತಿರುಗಿದ್ದವು.

ರೈಲಿನ ಕುಲುಕಾಟ ಇರಬಹುದು ಎನ್ನುತ್ತೇನೆ.

"ಇರಬಹುದು. ಹದಿನಾರು, ಹದಿನೆಂಟು ಕುಲುಕಲ್ವಾ?"

ಹದಿನೆಂಟು ನನ್ನದೇ ಬರ್ತು. ಎದುರಿಗೆ, ಹದಿನೇಳರಲ್ಲಿ, ಮೊಮ್ಮಗಳ ಬಾಣಂತನಕ್ಕೆ ಹೊರಟ ಅಜ್ಜಿ. ಐದು ಗಂಟೆಗೆ ಅಜ್ಜಿಯ ಬೂಟುಗಳು ಒಳಮುಖವಾಗಿದ್ದುದನ್ನು ನೋಡಿದ್ದೇನೆ. ಈಗ ಐದೂವರೆ: ಅಜ್ಜಿ ಗೊರಕೆ ಹೊಡೆಯುತ್ತಿದ್ದಾರೆ, ಬೂಟುಗಳು ಓಣಿಯನ್ನು ನೋಡುತ್ತಿವೆ. ನಡುವೆ ನನಗೆ ಒಂದು ಕ್ಷಣ ಜೊಂಪು ಹತ್ತಿರಬಹುದು. ಆಣೆ ಮಾಡಿ ಹೇಳಲಾರೆ.

ಆಕೆ ಅವನ್ನು ಒಳಮುಖ ಮಾಡಿ, ಅಜ್ಜಿಯನ್ನು ಎಬ್ಬಿಸಿ ಊರ ಹೆಸರು ಹೇಳಿಸುತ್ತಾರೆ. ಐದು ನಿಮಿಷ ಬಿಟ್ಟು ಮತ್ತೆ ಬಂದು ಕೇಳುತ್ತಾರೆ.

"ಆಗಲೇ ಹೇಳಿದ್ನಲ್ಲಮ್ಮ, ನೀನೇನು ಕಿವುಡೀನಾ?"

"ಹ್ಞೂಂ ಅಜ್ಜಿ, ಸ್ವಲ್ಪ. ಇನ್ನೊಂದ್ಸಲ ಹೇಳಿಬಿಡಿ."

ಅಜ್ಜಿ ಕ್ಷೇಮವಾಗಿ ಇಳಿಯುತ್ತಾರೆ. ಇಪ್ಪತ್ತು ನಿಮಿಷದ ನಂತರ ಅದೇ ಸಿಗ್ನಲ್. ಆಕೆ ಬಾಗಿಲು ತೆರೆದು ಮಂಜನ್ನೇ ನೋಡುತ್ತ ನಿಲ್ಲುತ್ತಾರೆ. ಪ್ರತಿ ಸಲವೂ ಹೀಗೆಯೇ ನಿಲ್ಲುತ್ತಾರಂತೆ. ಎರಡು ತಿಂಗಳಲ್ಲಿ ಹೊಸ ಬೋಗಿಗಳು ಬರುತ್ತವೆ, ಬರ್ತಿಗೊಂದು ಎಬ್ಬಿಸುವ ಗಂಟೆಯೊಂದಿಗೆ. ಆಕೆಗೆ ಬೇರೆ ಕಡೆ ಕೆಲಸ. ಬೇಸರವಿಲ್ಲವೇ?

"ಗಂಟೆಯೇ ವಾಸಿ, ಹ್ಞೂಂ ಅಂದ್ರೆ ನಂಬಲ್ಲ," ಎನ್ನುತ್ತಾರೆ. ಬಾಗಿಲು ಎಳೆದುಕೊಳ್ಳುತ್ತ, "ಅಷ್ಟರಲ್ಲಿ ಆ ಮನುಷ್ಯ ಒಂದ್ಸಲ ಬಂದು ಈ ರೈಲು ಹತ್ತಬೇಕು. ಬೋಗಿಯೆಲ್ಲ ಕೇಳೋ ಹಾಗೆ ನನ್ನ ಬೈಬೇಕು. ಎಷ್ಟು ಬೈದ್ರೂ ಬೈಸ್ಕೋತೀನಿ. ಆಮೇಲೆ ಮನೆಗೆ ಹೋಗಿ ಕಣ್ತುಂಬ ನಿದ್ದೆ ಮಾಡ್ತೀನಿ."