ನಮುಗೊಂಗೊ ನಡಿಗೆಗೆ ಮುಂಚೆ ಅರಾಲಿಗೆ ಬಂದ ಅನುಮಾನ

ಬರುಗಹಾರ ಅರಾಲಿಯ ಮನೆ ನನ್ನ ಬೇಲಿಯಾಚೆ. ಹೊಯಿಮಾದಿಂದ ಕಂಪಾಲಾಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನಾಗಿಯೇ ಅವನ ತಲೆ ನರೆಯಿತು. ಬುಟ್ಟಿಯಲ್ಲಿ ಒಂದೇ ಕೋಳಿ ಇದೆ ಎಂದರೆ ಮುಚ್ಚಳ ಎತ್ತಿ ನೋಡುತ್ತಿದ್ದ. ತೊಡೆಯ ಮೇಲಿನ ಮಗು ಇನ್ನೂ ಎದೆಹಾಲು ಕುಡಿಯುತ್ತದೆ ಎಂದು ತಾಯಿ ಹೇಳಿದರೆ ಆ ಮಗುವನ್ನೇ ಮಾತಾಡಿಸಿ ನೋಡುತ್ತಿದ್ದ. ಕೆಲಸ ಬಿಟ್ಟ ಮೇಲೂ ಆ ಕಣ್ಣು ಮಾತ್ರ ಹಾಗೆಯೇ ಉಳಿಯಿತು. ಅವನ ಹೆಂಡತಿ ಬದುಕಿದ್ದಾಗ, "ಇವರು ನನ್ನ ಪಾಪನಿವೇದನೆ ಕೇಳೋಕೂ ಪಾದ್ರಿಯ ಹಿಂದೆ ನಿಂತಿರ್ತಾರೆ" ಎಂದು ಬೇಸರಪಡುತ್ತಿದ್ದಳು.

ಜೂನ್ ತಿಂಗಳ ಹುತಾತ್ಮರ ಹಬ್ಬಕ್ಕೆ ನಮ್ಮ ಚರ್ಚಿನಿಂದ ಒಂದು ಗುಂಪು ಕಂಪಾಲಾದ ಆಚೆ, ಆ ಹುತಾತ್ಮರು ಪ್ರಾಣ ಬಿಟ್ಟ ನಮುಗೊಂಗೊಗೆ ನಡೆದು ಹೋಗುತ್ತದೆ. ಒಂದು ವರ್ಷ ಅರ್ಧ ಗುಂಪು ದಾರಿಯಲ್ಲಿ ಜೋಳದ ಲಾರಿ ಹತ್ತಿ, ಕಂಪಾಲಾದ ಹೊರಗೆ ಇಳಿದು, ಬಟ್ಟೆಗೆ ಧೂಳು ಬಳಿದುಕೊಂಡು ಬಂದಿತ್ತು. ಅದು ಗೊತ್ತಾದ ಮೇಲೆ ಪಾದ್ರಿ ಗುಂಪನ್ನು ಅರಾಲಿಯ ಕೈಗೆ ಒಪ್ಪಿಸಿದರು.

ಈಸ್ಟರ್ ಮುಗಿದದ್ದೇ ತಡ, ಅವನ ತಯಾರಿ ಶುರುವಾಗುತ್ತಿತ್ತು. ಶನಿವಾರ ಬೆಳಗ್ಗೆ ಚರ್ಚಿನ ಅಂಗಳದಲ್ಲಿ ಎಲ್ಲರ ಗಂಟು ಬಿಚ್ಚಿಸಿ ನೆಲಕ್ಕೆ ಸುರಿಸುತ್ತಿದ್ದ. ಹೊಸ ಬೂಟು ಕಂಡರೆ, "ಇದು ದೇವರಿಗಾ, ಹುಡುಗಿಯರಿಗಾ? ಹಳೇ ಟೈರು ಚಪ್ಪಲಿ ಹಾಕ್ಕೊಂಡು ಬಾ" ಎಂದು ವಾಪಸು ಕಳಿಸುತ್ತಿದ್ದ. ರಾಗಿ ಹಿಟ್ಟನ್ನು ಹುರಿದು ತರಬೇಕು, ಇಲ್ಲದಿದ್ದರೆ ಮೇ ತಿಂಗಳ ಮಳೆಗೆ ಬೂಷ್ಟು ಹಿಡಿಯುತ್ತದೆ. ಶೇಂಗಾವನ್ನು ಉಪ್ಪು ಹಾಕಿ ಕುಟ್ಟಿರಬೇಕು. ಕಾಲ್ಬೆರಳ ಸಂದಿಗೆ ವ್ಯಾಸಲೀನು, ಹೊದೆಯಲು ಪ್ಲಾಸ್ಟಿಕ್ಕು. ಉಗುರನ್ನು ಮೊದಲೇ ಕತ್ತರಿಸಿಕೊಂಡಿರಬೇಕು, ಹೊರಡುವ ದಿನ ಕತ್ತರಿಸಿದರೆ ಬೆರಳು ಕೀವಾಗುತ್ತದೆ. ಇಷ್ಟಾದ ಮೇಲೆ ನಮ್ಮನ್ನು ಕಿಗೊರೊಬ್ಯಾ ಸಂತೆಯವರೆಗೆ ನಡೆಸಿ, ಅಲ್ಲಿಂದ ಸಂಜೆಗೆ ವಾಪಸು ಕರೆತರುತ್ತಿದ್ದ. ದಾರಿಯಲ್ಲಿ ಯಾವ ಬಾಡಿಗೆಯ ಬೋಡಾ ಬೈಕಿನವನು ನಿಧಾನ ಮಾಡಿದರೂ ಅವನ ಮುಖವನ್ನು ದಿಟ್ಟಿಸಿ ನೋಡುತ್ತಿದ್ದ.

ಆ ವರ್ಷ ಗುಂಪಿಗೆ ಕಬಜುಂಗು ಸೇರಿದಳು. ನಡುವಯಸ್ಸು ದಾಟಿದವಳು. ಅಕ್ಕನ ಮನೆಯಲ್ಲಿರಲು ಬಂದು ಸ್ವಲ್ಪ ದಿನವಾಗಿತ್ತು, ಚಾಪೆ ಹೆಣೆಯುತ್ತಿದ್ದಳು. ನಾವು ಅವಳನ್ನು ಅಡ್ಯೇರಿ ಎಂದೇ ಕರೆಯುತ್ತಿದ್ದೆವು. ಹುಟ್ಟಿದಾಗ ಇಟ್ಟ ಆ ಮುದ್ದಿನ ಹೆಸರು ಬಿಟ್ಟು ಬರೀ ಕಬಜುಂಗು ಎಂದು ಕೂಗಿದರೆ ನಮ್ಮಲ್ಲಿ ಜಗಳಕ್ಕೆ ಕರೆದ ಹಾಗೆ; ಅರಾಲಿ, ನನ್ನ ಅಕೀಕಿ ಕೂಡ ಅಂಥ ಹೆಸರುಗಳೇ.

ಅವಳ ಮೇಲೆ ಅರಾಲಿಗೆ ಮೊದಲ ವಾರವೇ ಅನುಮಾನ ಹುಟ್ಟಿತು.

"ಅಕೀಕಿ, ಅವಳನ್ನ ನೋಡಿದ್ಯಾ?" ಎಂದು ನನ್ನ ಹತ್ತಿರ ಬಂದ. "ಸಂತೆ ಮುಟ್ಟೋ ಹೊತ್ತಿಗೆ ನಿಮಗೆಲ್ಲ ಬೊಬ್ಬೆ. ಅಯ್ಯೋ ಅಪ್ಪಾ ಅಂತೀರಿ. ಅವಳು ತುಟಿ ಪಿಟಕ್ ಅನ್ನಲ್ಲ."

"ಗಟ್ಟಿಗಿತ್ತಿ ಇರ್ಬೇಕು."

"ನೋವಾಗದ ಕಾಲು ಯಾರಿಗಿದೆ? ನಡೆದಿಲ್ಲ ಅಂದ್ರೆ ಮಾತ್ರ ನೋವಾಗಲ್ಲ."

ಅವನ ಮಾತಲ್ಲಿ ಸ್ವಲ್ಪ ಅರ್ಥವಿತ್ತು. ಅಡ್ಯೇರಿ ಯಾವಾಗಲೂ ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಹಳ್ಳದ ಹತ್ತಿರ ನಾವು ಕಾಲು ತೊಳೆಯಲು ಕುಳಿತರೆ ಅವಳು ಕಾಣಿಸುತ್ತಿರಲಿಲ್ಲ. ಆಮೇಲೆ ಎಲ್ಲಿಂದಲೋ ಬಂದು ಕೂಡಿಕೊಳ್ಳುತ್ತಿದ್ದಳು. ತಳ ಸವೆದ ತನ್ನ ಹಳೇ ಬೂಟು ಅವಳು ಕಳಚಿದ್ದನ್ನು ಯಾರೂ ನೋಡಿರಲಿಲ್ಲ. ಅವಳ ಚೀಲವನ್ನೂ ಅರಾಲಿಗೆ ಪೂರ್ತಿ ನೋಡಲು ಆಗಿರಲಿಲ್ಲ. ಒಂದು ಬಟ್ಟೆಗಂಟಿಗೆ ಅವನು ಕೈ ಹಾಕಿದಾಗ, "ಹೆಂಗಸರ ಸಾಮಾನು" ಎಂದು ಕಿತ್ತುಕೊಂಡಿದ್ದಳು.

ಅರಾಲಿ ಸಂತೆಯ ಬೋಡಾದವರನ್ನೆಲ್ಲ ವಿಚಾರಿಸಿದ. ಅಂಥ ಹೆಂಗಸನ್ನು ಹತ್ತಿಸಿಕೊಂಡಿಲ್ಲ ಎಂದರು ಎಲ್ಲರೂ. ಅಲ್ಲಿಗೆ ಅವನ ಅನುಮಾನ ಕಳೆಯಬೇಕಿತ್ತು, ಬದಲಿಗೆ ಇನ್ನೂ ಬಲವಾಯಿತು. "ಎಲ್ಲರೂ ಒಂದೇ ಥರ ಹೇಳಿದ್ರು. ಮೊದಲೇ ಮಾತಾಡ್ಕೊಂಡಿದ್ದಾರೆ" ಎಂದ.

ಮುಂದಿನ ಶನಿವಾರ ಹಳ್ಳದ ಹತ್ತಿರ ಗುಂಪನ್ನು ಬಿಟ್ಟು, ನನ್ನನ್ನು ಸಾಕ್ಷಿಗೆಂದು ಎಳೆದುಕೊಂಡು ಹಿಂದಕ್ಕೆ ನಡೆದ. ದಾರಿಬದಿಯ ದೊಡ್ಡ ಹುತ್ತವೊಂದರ ಮರೆಯಲ್ಲಿ ಕೂತೆವು. ನನಗೆ ನಾಚಿಕೆ, ಆದರೆ ಎದ್ದು ಹೋಗಲೂ ಮನಸ್ಸಿಲ್ಲ.

ಅಡ್ಯೇರಿ ಬಂದಳು. ಹಿಂದೆ ಮುಂದೆ ನೋಡಿ, ಮರಗೆಣಸಿನ ತೋಟದ ಅಂಚಿನಲ್ಲಿ ಕುಳಿತಳು. ಬೂಟು ಕಳಚಿ ಅದರೊಳಗೆ ಬೆರಳಾಡಿಸಿದಳು. ಬಟ್ಟೆಗಂಟಿನಿಂದ ಒಂದು ಪುಟ್ಟ ಕನ್ನಡಿ ತೆಗೆದು ಅಂಗಾಲಿನ ಕೆಳಗೆ ಹಿಡಿದಳು. ಅಂಗಾಲಲ್ಲಿ ಒಂದು ಮುಳ್ಳು ಬುಡದವರೆಗೂ ಹೊಕ್ಕಿತ್ತು. ಅದನ್ನು ಉಗುರಲ್ಲಿ ಹಿಡಿದು ಎಳೆದಳು. ರಕ್ತ ಬಂತು. ಅವಳ ಮುಖ ಒಂದು ಚೂರೂ ಕದಲಲಿಲ್ಲ, ಸೊಪ್ಪಿನಿಂದ ಕಸ ಆರಿಸುವವಳ ಹಾಗೆ.

"ಮಾಟ" ಎಂದು ಅರಾಲಿ ನನ್ನ ಕಿವಿಯಲ್ಲಿ ಉಸುರಿದ. "ಕನ್ನಡಿ, ರಕ್ತ. ನಾನು ಹೇಳಲಿಲ್ವಾ?"

ನಾನು ತಡೆಯುವ ಮೊದಲೇ ಎದ್ದು ಅವಳ ಮುಂದೆ ಹೋಗಿ ನಿಂತ. "ಏನಮ್ಮ ಇದು? ಯಾರಿಗೆ ಮಾಡ್ತಿದ್ದೀಯ?"

ಅವಳು ಹೆದರಲಿಲ್ಲ. ಬಹಳ ದಿನದಿಂದ ಕಾಯುತ್ತಿದ್ದದ್ದು ಬಂತು ಎನ್ನುವ ಹಾಗೆ ನೋಡಿದಳು. "ನನಗೇ ಮಾಡ್ಕೊತಿದ್ದೀನಿ, ಅರಾಲಿ. ನನ್ನ ಕಾಲು ಸತ್ತಿದೆ. ಮುಳ್ಳು ಹೊಕ್ಕರೂ ಗೊತ್ತಾಗಲ್ಲ, ಕೆಂಡ ತುಳಿದರೂ ಗೊತ್ತಾಗಲ್ಲ. ಕಣ್ಣಲ್ಲಿ ನೋಡಿದ್ರೇನೇ ಗೊತ್ತಾಗೋದು."

"ಸತ್ತಿದೆ ಅಂದ್ರೆ?"

"ದೊಡ್ಡರೋಗ, ಕುಷ್ಠ. ಹುಡುಗಿಯಾಗಿದ್ದಾಗ ಬಂದಿತ್ತು. ಮಾತ್ರೆ ಪೂರ್ತಿ ತಗೊಂಡು ವಾಸಿ ಮಾಡ್ಕೊಂಡೆ. ಹೋದ ಸ್ಪರ್ಶ ಮಾತ್ರ ವಾಪಸು ಬರಲಿಲ್ಲ."

ಅರಾಲಿ ಒಂದು ಹೆಜ್ಜೆ ಹಿಂದೆ ಸರಿದ. ಸುಳ್ಳು ಯಾಕೆ, ನಾನೂ ಸರಿದೆ. ಅವಳು ಅದನ್ನು ನೋಡಿ, ಕನ್ನಡಿಯನ್ನು ಸೆರಗಿನಲ್ಲಿ ಒರೆಸಿದಳು. "ಇದಕ್ಕೇ ನಾನು ಹಿಂದೆ ಕೂರೋದು" ಎಂದಳು.

ಸೋಮವಾರ ಅರಾಲಿ ಆರೋಗ್ಯ ಕೇಂದ್ರಕ್ಕೆ ಹೋದ. ಮಾತ್ರೆ ಮುಗಿಸಿದವರಿಂದ ಯಾರಿಗೂ ಅಂಟುವುದಿಲ್ಲ ಎಂದು ನರ್ಸಮ್ಮ ಹೇಳಿದಳು. ಅವನು ನಂಬಲಿಲ್ಲ. ಹೊಯಿಮಾಕ್ಕೆ ಹೋಗಿ ಬೇರೊಬ್ಬ ವೈದ್ಯರನ್ನು ಕೇಳಿದ. ಅವರೂ ಅದನ್ನೇ ಹೇಳಿದರು. ಇವರಿಬ್ಬರಿಗೆ ಪರಿಚಯವಿದೆಯೇ ಎಂದು ವಿಚಾರಿಸಿ, ಇಲ್ಲವೆಂದು ಗೊತ್ತಾದ ಮೇಲಷ್ಟೇ ನನ್ನನ್ನು ಕರೆದುಕೊಂಡು ಅಡ್ಯೇರಿಯ ಮನೆಗೆ ಬಂದ.

"ಗಾಯ ಒಣಗೋವರೆಗೂ ನಡೀಬೇಡ" ಎಂದ ಅವಳಿಗೆ. "ಮನೇಲಿರು. ಹೊರಡೋ ದಿನ ನಾನೇ ಬಂದು ಕರೀತೀನಿ."

ಈಗ ಅನುಮಾನ ಅವಳಿಗೆ ಬಂತು. "ಗೊತ್ತಾಯ್ತು ಬಿಡಿ. ನಾನಿಲ್ಲಿ ಕಾಯ್ತಾ ಕೂತಿರ್ತೀನಿ, ನೀವು ಬೇರೆ ದಾರೀಲಿ ಹೊರಟುಹೋಗ್ತೀರಿ. ಇಂಥ ಒಳ್ಳೇ ಮಾತು ಬೇಕಾದಷ್ಟು ಕೇಳಿದ್ದೀನಿ."

"ದೇವರಾಣೆ ಕಣಮ್ಮ."

"ದೇವರನ್ನ ಇದಕ್ಕೆ ಎಳೀಬೇಡಿ."

ತನ್ನ ಮಾತನ್ನು ಒಬ್ಬರು ನಂಬದಿರುವುದು ಅರಾಲಿಗೆ ಹೊಸದು. ಕೊನೆಗೆ ಮನೆಗೆ ಹೋಗಿ, ಗುಂಪಿನ ದೊಡ್ಡ ಅಡುಗೆ ಪಾತ್ರೆಯನ್ನು ತಲೆಯ ಮೇಲೆ ಹೊತ್ತು ತಂದು ಅವಳ ಅಂಗಳದಲ್ಲಿ ಇಳಿಸಿದ. "ಇದಿಲ್ಲದೆ ನಾವ್ಯಾರೂ ದಾರೀಲಿ ಗಂಜಿ ಕುಡಿಯೋ ಹಾಗಿಲ್ಲ. ನಿನ್ನ ಹತ್ರಾನೇ ಇರ್ಲಿ. ಈಗಾದ್ರೂ ಆಯ್ತಾ?"

ಅವಳು ಪಾತ್ರೆಯ ತಳ ತಟ್ಟಿ ನೋಡಿದಳು. ತೂತಿದ್ದ ಪಾತ್ರೆ ಕೊಟ್ಟಿಲ್ಲವಷ್ಟೇ ಎಂದು ನೋಡಿದ್ದಿರಬೇಕು.

ಆದರೆ ಪಾತ್ರೆ ಅವಳ ಮನೆ ಸೇರಿದ್ದು ಊರ ಕಣ್ಣಿಗೆ ಬಿತ್ತು. ಯಾಕೆ ಏನು ಎಂದು ಜನ ಅವಳ ಅಕ್ಕನನ್ನು ಕೆದಕಿದರು, ಅಕ್ಕ ಬಾಯಿಬಿಟ್ಟಳು. ಹೊರಡುವ ದಿನ ಚರ್ಚಿನ ಅಂಗಳದಲ್ಲಿ ಮನ್ವೇರಿ ಎಂಬ ಬಡಗಿ ಎದ್ದು ನಿಂತ.

"ಅವಳು ಮುಟ್ಟಿದ ಪಾತ್ರೆಯ ಗಂಜಿ ನಾನು ಕುಡಿಯಲ್ಲ."

"ಇಬ್ಬರನ್ನ ಕೇಳಿದ್ದೀನಿ" ಎಂದ ಅರಾಲಿ. "ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ಕೇಳಿದ್ದೀನಿ. ಅಂಟಲ್ಲ."

"ನಿನಗೆ ಅವಳು ಏನು ತಿನ್ನಿಸಿದ್ದಾಳೋ."

ಅರಾಲಿ ಅಡ್ಯೇರಿಯ ಕೈಯಿಂದ ಸೋರೆಬುರುಡೆಯಲ್ಲಿದ್ದ ಗಂಜಿ ತೆಗೆದುಕೊಂಡು ಕುಡಿದು, ನನಗೆ ಕೊಟ್ಟ. ನಾನೂ ಕುಡಿದೆ. ಮೊದಲ ಗುಟುಕನ್ನು ಕಣ್ಣು ಮುಚ್ಚಿ ನುಂಗಿದೆ, ಎರಡನೆಯದು ಬರೀ ರಾಗಿ ಗಂಜಿಯಾಗಿತ್ತು. ಮನ್ವೇರಿ ಮತ್ತು ಅವನ ಜೊತೆಗಾರರು ಬೇರೆ ಡಬರಿ ಹುಡುಕಿಕೊಂಡು ಬಂದರು. ಹಾಗೆ ಎರಡು ಒಲೆಯ ಗುಂಪಾಗಿ ನಾವು ಕಾಫು ಹೊಳೆ ದಾಟಿದೆವು. ಸಂಜೆ ತಂಗಿದಲ್ಲೆಲ್ಲ ಅಡ್ಯೇರಿ ಎಲ್ಲರೆದುರೇ ಕನ್ನಡಿ ಹಿಡಿಯುತ್ತಿದ್ದಳು.

ಕಿಬೋಗಾ ದಾಟಿದ ಮೇಲೆ ಹಳೆಯ ಗಾಯದ ಸುತ್ತ ಕೆಂಪಾಗಿದ್ದು ಕಂಡಿತು. ಮುಟ್ಟಿದರೆ ಬಿಸಿ. ಅದು ಇಳಿಯುವವರೆಗೆ ನಡೆಯಬಾರದು ಎಂದು ಅವಳೇ ಹೇಳಿದಳು. ಅರಾಲಿ ನಮ್ಮನ್ನೆಲ್ಲ ಮುಂದಕ್ಕೆ ಕಳಿಸಿ, ಅಲ್ಲಿನ ಚಿಕ್ಕ ಚರ್ಚಿನಲ್ಲಿ ಅವಳ ಜೊತೆ ಉಳಿದ. ಗಾಯದ ಬಿಸಿ ಇಳಿದ ಮೇಲೆ, ನೆರಳಿದ್ದಲ್ಲೆಲ್ಲ ಕೂತು ಏಳುತ್ತ ಇಬ್ಬರೂ ನಡೆದರಂತೆ. ಅವರು ನಮುಗೊಂಗೊ ಮುಟ್ಟುವಾಗ ಹಬ್ಬ ಮುಗಿದು, ಅಂಗಳ ಗುಡಿಸುತ್ತಿದ್ದರಂತೆ. ಗುಡಿಸುವವರು ಕಸಬರಿಗೆ ನಿಲ್ಲಿಸಿ, ಅವರಿಬ್ಬರು ಪ್ರಾರ್ಥನೆ ಮುಗಿಸುವವರೆಗೂ ಕಾದರಂತೆ. ಅಡ್ಯೇರಿ ಇದನ್ನು ಹೇಳುವಾಗ ಧ್ವನಿ ತಗ್ಗಿಸುತ್ತಾಳೆ.

ಊರಿಗೆ ಬಂದರೆ ಮನ್ವೇರಿ ಬಾಳೆಹಣ್ಣಿನ ಸಾರಾಯಿ ಅಂಗಡಿಯಲ್ಲಿ ಕೂತು ಬೇರೆಯೇ ಹೇಳುತ್ತಿದ್ದ. "ಎರಡು ಮುದಿ ಜೀವ, ಸತ್ತ ಕಾಲು, ಅಷ್ಟು ದೂರ. ಟ್ಯಾಕ್ಸಿ ವ್ಯಾನು ಹತ್ತಿದ್ದಾರೆ. ಯಾರು ನೋಡಿದ್ರು?"

ಯಾರೂ ನೋಡಿರಲಿಲ್ಲ. ಅರಾಲಿ ಅಂಗಡಿಯ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡು ಹಿಂತಿರುಗಿದ. ಕೆಲವು ದಿನ ಮನೆಯಿಂದ ಹೊರಗೇ ಬರಲಿಲ್ಲ. ಒಂದು ಬೆಳಗ್ಗೆ ಬೇಲಿಯ ಹತ್ತಿರ ಬಂದು ನಿಂತ.

"ಅಕೀಕಿ, ನೀನಾದ್ರೂ ನಂಬ್ತೀಯಾ? ನಡೆದೇ ಹೋದ್ವಿ ಅಂತ?"

"ನಂಬ್ತೀನಿ" ಎಂದೆ. ನಿಜಕ್ಕೂ ನಂಬಿದ್ದೆ.

ಅವನು ತಲೆಯಾಡಿಸಿದ. ಆದರೂ ಹೋಗಲಿಲ್ಲ. ನಾನು ಬಟ್ಟೆ ಹಿಂಡಿ ಒಣಹಾಕಿ ಮುಗಿಸುವವರೆಗೂ ಅಲ್ಲೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ.